ಕೇಳದೆ ಬಂದ ಕೊಸರು

(ಶಿರಸಿಯಲ್ಲಿ ಓದುಗರೆದುರು ಮಾಡಿದ ಭಾಷಣದ ಬರಹರೂಪ)



ಕೊಸರು ಎಂಬ ಮಾತನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಂದಿಗೆ ವಿವರಿಸಬೇಕಾಗಿಲ್ಲ. ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿ ತೂಗಿ ಆದ ಮೇಲೂ ಕೊಳ್ಳುವವರು ಚೀಲ ಅಗಲಿಸಿಕೊಂಡು ನಿಂತೇ ಇರುತ್ತಾರೆ. ಮಾರುವಾಕೆ ಗೊಣಗುತ್ತಲೇ ಇನ್ನೆರಡು ಕಾಯಿ ಎತ್ತಿ ಹಾಕುತ್ತಾಳೆ. ಅದು ಕೊಸರು. ಇದರಲ್ಲಿ ಮೂರು ಸಂಗತಿಗಳಿವೆ. ಒಂದು, ಕೊಸರನ್ನು ಕೊಳ್ಳುವವರು ಕೇಳಿ ಪಡೆಯುತ್ತಾರೆ. ಎರಡು, ಬದನೆಕಾಯಿಗೆ ಬದನೆಕಾಯಿಯೇ ಕೊಸರಾಗಿ ಬರುತ್ತದೆ. ಮೂರು, ಅದು ಕಣ್ಣೆದುರೇ ಚೀಲಕ್ಕೆ ಬೀಳುತ್ತದೆ.

ಇವತ್ತು ನಾನು ಹೇಳಹೊರಟಿರುವುದು ಈ ಮೂರೂ ಲಕ್ಷಣಗಳಿಲ್ಲದ ಇನ್ನೊಂದು ಬಗೆಯ ಕೊಸರಿನ ವಿಚಾರ. ಕಂಪ್ಯೂಟರಿಗೆ ಒಂದು ತಂತ್ರಾಂಶ ಹಾಕಿಕೊಳ್ಳಲು ಹೋಗುತ್ತೇವೆ. ಅದು ಮುಗಿಯುವ ಹೊತ್ತಿಗೆ ನಾವು ಕೇಳದ ಮತ್ತೆರಡು ತಂತ್ರಾಂಶಗಳು ಒಳಗೆ ಕುಳಿತಿರುತ್ತವೆ. ಹೊಸ ಮೊಬೈಲು ಕೊಂಡರೆ ನಾವು ಹೆಸರೇ ಕೇಳದ ಹತ್ತಾರು ಆ್ಯಪ್‌ಗಳು ಮೊದಲೇ ತುಂಬಿರುತ್ತವೆ. ನಾನು ವರದಿಗಾರ, ಎಂಜಿನಿಯರನಲ್ಲ. ಆದ್ದರಿಂದ ಇದನ್ನು ಯಂತ್ರದ ಕಡೆಯಿಂದ ನೋಡುವುದಕ್ಕಿಂತ ಒಪ್ಪಿಗೆಯ ಕಡೆಯಿಂದ ನೋಡುತ್ತೇನೆ. ನಾವು ಯಾವುದಕ್ಕೆ ‘ಹೂಂ’ ಎಂದೆವು, ಯಾವುದಕ್ಕೆ ಎನ್ನಲಿಲ್ಲ ಎಂಬುದೇ ಇಲ್ಲಿನ ಪ್ರಶ್ನೆ.

ನೆಕ್ಸ್ಟ್, ನೆಕ್ಸ್ಟ್, ಫಿನಿಶ್

ಮೊದಲು ಇದು ಹೇಗೆ ನಡೆಯುತ್ತದೆ ಎಂದು ನೋಡೋಣ. ಹಾಡು ಕೇಳುವುದಕ್ಕೋ ಫೋಟೋ ತಿದ್ದುವುದಕ್ಕೋ ಒಂದು ಉಚಿತ ತಂತ್ರಾಂಶ ಬೇಕು ಎಂದುಕೊಳ್ಳಿ. ಅಂತರಜಾಲದಿಂದ ಅದರ ‘ಸೆಟಪ್’ ಕಡತವನ್ನು ಇಳಿಸಿಕೊಂಡು ತೆರೆಯುತ್ತೀರಿ. ಒಂದು ಪುಟ್ಟ ಕಿಟಕಿ ಬರುತ್ತದೆ. ಕೆಳಗೆ ‘ನೆಕ್ಸ್ಟ್’ ಎಂಬ ಗುಂಡಿ. ಒತ್ತುತ್ತೀರಿ. ಎರಡನೆಯ ಪುಟದಲ್ಲಿ ಕರಾರುಪತ್ರ, ಇಂಗ್ಲಿಷಿನಲ್ಲಿ, ಮಾರುದ್ದ. ಅದಕ್ಕೂ ‘ಐ ಅಗ್ರೀ’. ಮೂರನೆಯ ಪುಟದಲ್ಲಿ ಎರಡು ದಾರಿ ತೋರಿಸುತ್ತಾರೆ. ಒಂದು ‘ಎಕ್ಸ್‌ಪ್ರೆಸ್’, ಅದರ ಪಕ್ಕದಲ್ಲಿ ‘ಇದೇ ಒಳ್ಳೆಯದು’ ಎಂಬ ಶಿಫಾರಸು. ಇನ್ನೊಂದು ‘ಕಸ್ಟಮ್’, ಅದರ ಪಕ್ಕದಲ್ಲಿ ‘ತಿಳಿದವರಿಗೆ ಮಾತ್ರ’ ಎಂಬ ಎಚ್ಚರಿಕೆ. ಸಾಮಾನ್ಯರು ಯಾವುದನ್ನು ಆರಿಸುತ್ತಾರೆಂದು ಹೇಳಬೇಕಾಗಿಲ್ಲ. ಆದರೆ ಮರ್ಮ ಇರುವುದು ಆ ಎರಡನೆಯ ದಾರಿಯಲ್ಲಿ. ಅಲ್ಲಿ ಹೋದವರಿಗೆ ಮಾತ್ರ ಒಂದು ಸಣ್ಣ ಚೌಕ ಕಾಣುತ್ತದೆ. ‘ಈ ಹುಡುಕುಪಟ್ಟಿಯನ್ನೂ ಹಾಕಿ’, ‘ಇದನ್ನೇ ನನ್ನ ಮೊದಲ ಪುಟವಾಗಿಸಿ’ ಎಂಬ ಬರಹ, ಅದರ ಎದುರು ಮೊದಲೇ ಹಾಕಿಟ್ಟ ಸರಿ ಗುರುತು.

ಈ ಸರಿ ಗುರುತನ್ನು ನೀವು ಹಾಕಲಿಲ್ಲ. ನೀವು ಮಾಡಬೇಕಾಗಿದ್ದದ್ದು ಅದನ್ನು ತೆಗೆಯುವ ಕೆಲಸ. ತೆಗೆಯದಿದ್ದರೆ ನೀವು ಒಪ್ಪಿದಿರಿ ಎಂದು ಲೆಕ್ಕ. ಮಾರನೆಯ ದಿನ ಬ್ರೌಸರು ತೆರೆದರೆ ಮೊದಲ ಪುಟ ಬದಲಾಗಿರುತ್ತದೆ, ಮೇಲೊಂದು ಹೊಸ ಪಟ್ಟಿ ಅಂಟಿಕೊಂಡಿರುತ್ತದೆ, ಕಂಪ್ಯೂಟರು ನಿಧಾನವಾಗಿರುತ್ತದೆ. ‘ನಾ ಎಂತೂ ಮಾಡಿದ್ನಿಲ್ಲೆ, ಅದೇ ಬೈಂದು’ ಎಂದು ನಮ್ಮ ಕಡೆ ಹೇಳುವ ಮಾತು ನೂರಕ್ಕೆ ನೂರು ಸತ್ಯ. ಏನೂ ಮಾಡದಿರುವುದರಿಂದಲೇ ಅದು ಬಂದದ್ದು.

ಬೇಕಾದದ್ದಕ್ಕೆ ಗುರುತಿಲ್ಲ

ಕನ್ನಡಿಗರಿಗೆ ಈ ಸರಿ ಗುರುತಿನ ಕಥೆಯಲ್ಲಿ ಒಂದು ವಿಶೇಷ ಪ್ರಕರಣವಿದೆ. 2001ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್ ಎಕ್ಸ್‌ಪಿ ಬಂತು. ಯೂನಿಕೋಡ್ ಕನ್ನಡಕ್ಕೆ ವಿಂಡೋಸ್‌ನಲ್ಲಿ ಜಾಗ ಸಿಕ್ಕಿದ್ದು ಅದರಲ್ಲೇ. ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿಯೂ ಅದರ ಜೊತೆ ಬಂತು. ನಮ್ಮ ಹೊಳೆಯೊಂದರ ಹೆಸರು ವಿಂಡೋಸ್ ಒಳಗೆ ಸೇರಿತು ಎಂದು ಹೆಮ್ಮೆಪಡಬಹುದಾದ ಸಂಗತಿ.

ಆದರೆ ಇಂಗ್ಲಿಷ್ ಎಕ್ಸ್‌ಪಿಯಲ್ಲಿ ಈ ಸೌಲಭ್ಯ ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ‘ಕಂಟ್ರೋಲ್ ಪ್ಯಾನೆಲ್’ ತೆರೆದು, ‘ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್’ ಒಳಗೆ ಹೋಗಿ, ‘ಲ್ಯಾಂಗ್ವೇಜಸ್’ ಎಂಬ ಪುಟದಲ್ಲಿ ಸಂಕೀರ್ಣ ಲಿಪಿಗಳ ಕಡತ ಹಾಕಿ ಎಂಬ ಚೌಕಕ್ಕೆ ನಾವೇ ಸರಿ ಗುರುತು ಹಾಕಬೇಕಿತ್ತು. ಆಮೇಲೆ ವಿಂಡೋಸ್‌ನ ಸಿ.ಡಿ. ಕೊಡಬೇಕು, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಬೇಕು. ಜೋಡಿಸಿ ಕೊಟ್ಟ ಕಂಪ್ಯೂಟರಿನ ಜೊತೆ ಆ ಸಿ.ಡಿ. ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಹಾಗೆ ಮಾಡದವರಿಗೆ ಕನ್ನಡದ ಪುಟ ತೆರೆದರೆ ಕಾಣುತ್ತಿದ್ದದ್ದು ಖಾಲಿ ಚೌಕಗಳ ಸಾಲು, ಇಲ್ಲವೇ ಒತ್ತಕ್ಷರ ಕಳಚಿಕೊಂಡು ಬಿದ್ದ ಪದಗಳು. ಇಷ್ಟಕ್ಕೂ ಅದು ಕೇಳುತ್ತಿದ್ದ ಜಾಗ 10 ಎಂ.ಬಿ. ಮಾತ್ರ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಈಚೆಗಷ್ಟೇ ಕನ್ನಡ ತಾನಾಗಿ ಮೂಡತೊಡಗಿತು.

ಆ ಕಾಲದಲ್ಲಿ ಕನ್ನಡದ ಕೆಲಸ ನಿಲ್ಲಲಿಲ್ಲ, ನಿಜ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಇತ್ತು, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇತ್ತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇತ್ತು. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ ಎಲ್ಲವೂ ಇಂಥ ತಂತ್ರಾಂಶಗಳ ಬಲದಿಂದಲೇ ಅಚ್ಚಾದವು. ಅದೇ ಹೊತ್ತಿನಲ್ಲಿ, ಯಾರೂ ಕೇಳದ ಹುಡುಕುಪಟ್ಟಿಗಳ ಎದುರು ಮಾತ್ರ ಸರಿ ಗುರುತು ಸಿದ್ಧವಾಗಿರುತ್ತಿತ್ತು. ಕೋಟ್ಯಂತರ ಜನರ ಭಾಷೆಗೆ ಗುರುತು ಹಾಕಿಲ್ಲ, ಜಾಹೀರಾತು ಕಂಪೆನಿಯ ಪಟ್ಟಿಗೆ ಹಾಕಿದೆ. ಗುರುತನ್ನು ಎಲ್ಲಿ ಹಾಕಬೇಕು ಎಂದು ತೀರ್ಮಾನಿಸುವವರು ಯಾರ ಅನುಕೂಲ ನೋಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದರ ಖರ್ಚನ್ನೂ ಲೆಕ್ಕ ಹಾಕಿ. ಟೆಲಿಫೋನ್ ತಂತಿಯ ಮೂಲಕ ಅಂತರಜಾಲ ಬರುತ್ತಿದ್ದ ದಿನಗಳಲ್ಲಿ ಮೋಡೆಮ್ಮಿನ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಆ ವೇಗ ಪೂರ್ತಿ ಸಿಕ್ಕಿದರೂ 5 ಎಂ.ಬಿ. ಇಳಿಯಲು ಸುಮಾರು 12 ನಿಮಿಷ. ನಮ್ಮ ಮಲೆನಾಡಿನ ತಂತಿಗಳಲ್ಲಿ, ಮಳೆಗಾಲದಲ್ಲಿ, ಪೂರ್ತಿ ವೇಗದ ಮಾತು ದೂರವೇ ಉಳಿಯಿತು. ಆ ನಿಮಿಷಗಳಿಗೆ ಫೋನಿನ ಬಿಲ್ಲು ಕಟ್ಟುವವರು ನಾವೇ. ಉಚಿತ ಎಂದು ಬಂದ ಕೊಸರಿಗೆ ಸಾಗಾಣಿಕೆ ವೆಚ್ಚ ನಮ್ಮದು.

ಯಾರಿಗೆ ಲಾಭ?

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬ ಗಾದೆ ಇದೆ. ಆದರೆ ಕೊಡುವವನು ಯಾಕೆ ಪುಕ್ಕಟೆ ಕೊಡುತ್ತಾನೆ ಎಂದು ಗಾದೆ ಕೇಳುವುದಿಲ್ಲ. ನಾವು ಕೇಳಬೇಕು.

ಇದರ ಹಿಂದೆ ಒಂದು ವ್ಯಾಪಾರವಿದೆ. ಜಾಹೀರಾತಿನಿಂದ ಹಣ ಗಳಿಸುವ ಕಂಪೆನಿ ತನ್ನ ಪಟ್ಟಿಯನ್ನು ಹೆಚ್ಚು ಕಂಪ್ಯೂಟರುಗಳಿಗೆ ಸೇರಿಸಬೇಕು. ಅದಕ್ಕಾಗಿ ಜನಪ್ರಿಯ ತಂತ್ರಾಂಶ ಹಂಚುವವರೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತದೆ. ನಡುವೆ ದಲಾಲಿಗಳೂ ಇರುತ್ತಾರೆ. ಒಂದು ಕಂಪ್ಯೂಟರಿನಲ್ಲಿ ಪಟ್ಟಿ ಕುಳಿತರೆ ಇಂತಿಷ್ಟು ದುಡ್ಡು. ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಸ್ಥಾಪನೆಗೆ ಸಿಗುತ್ತಿದ್ದ ದರ 10 ಸೆಂಟ್‌ನಿಂದ ಒಂದೂವರೆ ಡಾಲರ್‌ವರೆಗೆ. ಇಂಥ ಬೇಡದ ತಂತ್ರಾಂಶಗಳನ್ನು ಇಳಿಸಿಕೊಳ್ಳುವ ಯತ್ನಗಳು ವಾರಕ್ಕೆ ಆರು ಕೋಟಿಗೂ ಹೆಚ್ಚು ನಡೆಯುತ್ತಿದ್ದವು. ಇದು ಅದೇ ಅವಧಿಯಲ್ಲಿ ಕಂಡ ವೈರಸ್ ಮುಂತಾದ ದುಷ್ಟ ತಂತ್ರಾಂಶಗಳ ಸುಮಾರು ಮೂರು ಪಟ್ಟು.

ದೊಡ್ಡ ಹೆಸರುಗಳೂ ಇದರಿಂದ ಹೊರತಲ್ಲ. ಒರೇಕಲ್ ಕಂಪೆನಿಯ ‘ಜಾವಾ’ ಒಂದು ಕಾಲಕ್ಕೆ ಇ-ಟೆಂಡರು, ಡಿಜಿಟಲ್ ಸಹಿಯಂಥ ಕೆಲಸಗಳಿಗೆ ಬೇಕೇ ಬೇಕಾಗಿತ್ತು. ಅದರ ಜೊತೆ ‘ಆಸ್ಕ್’ ಎಂಬ ಹುಡುಕುಪಟ್ಟಿ ಬರುತ್ತಿತ್ತು, ಮೊದಲೇ ಗುರುತು ಹಾಕಿಕೊಂಡು. ಭದ್ರತೆಗಾಗಿ ಜಾವಾವನ್ನು ನವೀಕರಿಸಿದಾಗಲೂ ಗುರುತು ಮತ್ತೆ ಹಾಜರು. 2013ರ ಜನವರಿಯಲ್ಲಿ ಅಮೆರಿಕದ ಪತ್ರಕರ್ತ ಎಡ್ ಬಾಟ್ ಒಂದು ಸಂಗತಿಯನ್ನು ಬಯಲಿಗೆಳೆದರು. ಆ ಪಟ್ಟಿ ಜಾವಾದ ಜೊತೆಗೇ ಕೂರುತ್ತಿರಲಿಲ್ಲ, ಹತ್ತು ನಿಮಿಷ ಕಾದು ಆಮೇಲೆ ಕೂರುತ್ತಿತ್ತು. ಅನುಮಾನ ಬಂದು ತಕ್ಷಣ ಹುಡುಕಿದವರಿಗೆ ಅದು ಸಿಗುತ್ತಿರಲಿಲ್ಲ. ಕೇಳಿ ಕೊಡುವ ಕೊಸರು ಹೀಗೆ ಅಡಗಿ ಕೂರುವುದಿಲ್ಲ.

ಇನ್ನೊಂದು ಪ್ರಕರಣ ಫೋಟೋ ಕೆಲಸದವರಿಗೆ ಪರಿಚಿತವಾದ ‘ಗಿಂಪ್’ ತಂತ್ರಾಂಶದ್ದು. ಇದು ಸ್ವಯಂಸೇವಕರು ಕಟ್ಟಿದ ಮುಕ್ತ ತಂತ್ರಾಂಶ. ಇದನ್ನು ಹಂಚುತ್ತಿದ್ದ ‘ಸೋರ್ಸ್‌ಫೋರ್ಜ್’ ತಾಣ 2013ರಲ್ಲಿ ಬೇರೆ ತಂತ್ರಾಂಶಗಳನ್ನು ಕಟ್ಟಿ ಕೊಡುವ ಪದ್ಧತಿ ಆರಂಭಿಸಿತು. ಗಿಂಪ್ ತಂಡ ಅದೇ ವರ್ಷ ಆ ತಾಣವನ್ನು ಬಿಟ್ಟಿತು. ಆದರೂ 2015ರ ಮೇ ತಿಂಗಳಲ್ಲಿ, ಅಲ್ಲಿ ಉಳಿದಿದ್ದ ಗಿಂಪ್ ಪುಟವನ್ನು ತಾಣದವರೇ ವಹಿಸಿಕೊಂಡು ಕೊಸರು ಸಹಿತ ಹಂಚಿದರು. ದೊಡ್ಡ ಗಲಾಟೆಯಾಯಿತು. 2016ರಲ್ಲಿ ತಾಣದ ಒಡೆತನ ಬದಲಾದ ಮೇಲೆ ಹೊಸಬರು ಆ ಪದ್ಧತಿಯನ್ನೇ ಕೈಬಿಟ್ಟರು. ಇಲ್ಲಿ ಬಳಸುವವರಷ್ಟೇ ಅಲ್ಲ, ತಂತ್ರಾಂಶ ಬರೆದವರೂ ಒಪ್ಪಿರಲಿಲ್ಲ.

ಇದರ ನಿಜವಾದ ನಷ್ಟ ನಿಧಾನವಾದ ಕಂಪ್ಯೂಟರು ಅಲ್ಲ. ನವೀಕರಿಸಿದಾಗಲೆಲ್ಲ ಏನಾದರೊಂದು ಅಂಟಿಕೊಳ್ಳುತ್ತದೆ ಎಂದು ಕಂಡವರು ನವೀಕರಿಸುವುದನ್ನೇ ಬಿಡುತ್ತಾರೆ. ಆಗ ಭದ್ರತೆಯ ಬಿರುಕುಗಳು ಹಾಗೆಯೇ ಉಳಿಯುತ್ತವೆ, ಕಳ್ಳರಿಗೆ ದಾರಿಯಾಗುತ್ತದೆ. 2015ರ ಫೆಬ್ರುವರಿಯಲ್ಲಿ ಲೆನೊವೊ ಕಂಪೆನಿಯ ಕೆಲವು ಲ್ಯಾಪ್‌ಟಾಪುಗಳ ಪ್ರಕರಣ ಇನ್ನೂ ಗಂಭೀರವಾಗಿತ್ತು. ಅವುಗಳಲ್ಲಿ ಕಾರ್ಖಾನೆಯಲ್ಲೇ ತುಂಬಿದ್ದ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶ, ಬ್ಯಾಂಕಿನಂಥ ತಾಣಗಳ ಜೊತೆ ನಡೆಯುವ ಗುಪ್ತ ವ್ಯವಹಾರದ ನಡುವೆಯೇ ಕುಳಿತು ಭದ್ರತೆಯನ್ನು ಮುರಿಯುತ್ತಿತ್ತು.

ಮೌನಂ ಸಮ್ಮತಿ ಲಕ್ಷಣಂ

ಹಾಗಾದರೆ ನಾವು ಗುರುತನ್ನು ಯಾಕೆ ತೆಗೆಯುವುದಿಲ್ಲ? ಸೋಮಾರಿತನ ಎಂದು ಬೈದುಬಿಡುವುದು ಸುಲಭ. ಆದರೆ ಮನುಷ್ಯರ ಸ್ವಭಾವ ಎಲ್ಲೆಡೆಯೂ ಹೀಗೆಯೇ ಇದೆ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ ಎಂಬ ವಿದ್ವಾಂಸರು 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಂಗದಾನದ ಬಗ್ಗೆ ಬರೆದರು. ಜರ್ಮನಿ, ಆಸ್ಟ್ರಿಯಾ ಅಕ್ಕಪಕ್ಕದ ದೇಶಗಳು, ಭಾಷೆಯೂ ಒಂದೇ. ಜರ್ಮನಿಯಲ್ಲಿ ದಾನ ಮಾಡುತ್ತೇನೆ ಎಂದು ನಾವಾಗಿ ಹೇಳಬೇಕು. ಅಲ್ಲಿ ಒಪ್ಪಿದವರು ಶೇಕಡಾ 12. ಆಸ್ಟ್ರಿಯಾದಲ್ಲಿ ಬೇಡ ಎಂದು ಹೇಳದಿದ್ದರೆ ಒಪ್ಪಿದಂತೆ. ಅಲ್ಲಿ ಒಪ್ಪಿದವರೆಂದು ಲೆಕ್ಕ ಸಿಕ್ಕಿದ್ದು ಶೇಕಡಾ 99.98. ಒಂದು ದೇಶದವರು ಉದಾರಿಗಳು, ಇನ್ನೊಂದು ದೇಶದವರು ಜಿಪುಣರು ಎಂದಲ್ಲ. ಮೊದಲೇ ಏನು ಹಾಕಿದೆಯೋ ಅದನ್ನು ಹೆಚ್ಚಿನವರು ಹಾಗೆಯೇ ಬಿಡುತ್ತಾರೆ.

ಮೌನಂ ಸಮ್ಮತಿ ಲಕ್ಷಣಂ ಎಂಬುದು ನಮ್ಮ ಹಿರಿಯರ ಮಾತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಈ ಮಾತನ್ನು ಎಷ್ಟು ಸಲ ದುರುಪಯೋಗ ಮಾಡಿಕೊಂಡಿದ್ದೇವೆ ಎಂಬುದು ಇಲ್ಲಿ ಕುಳಿತ ತಾಯಂದಿರಿಗೆ ಗೊತ್ತು. ಸುಮ್ಮನಿದ್ದವರು ಒಪ್ಪಿದ್ದಾರೆಂದು ತಿಳಿಯಬೇಕಾದರೆ, ಅವರಿಗೆ ಪ್ರಶ್ನೆ ಕೇಳಿಸಿರಬೇಕು, ಅರ್ಥವಾಗಿರಬೇಕು, ಬೇಡ ಎನ್ನಲು ಧೈರ್ಯವೂ ದಾರಿಯೂ ಇರಬೇಕು. ನಮ್ಮ ಊರಿನ ಒಬ್ಬ ಅಜ್ಜನಿಗೆ ಆ ಪ್ರಶ್ನೆ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಬೂದು ಬಣ್ಣದಲ್ಲಿ ಬಂದರೆ ಅದು ಪ್ರಶ್ನೆಯೇ ಅಲ್ಲ. ಓದಲು ಬಾರದ ಭಾಷೆಯಲ್ಲಿ ಕೊಟ್ಟ ಒಪ್ಪಿಗೆ, ತುಂಬಿಸದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಂತೆ.

ಹಳೆಯ ಚಾಳಿ

ಬೇಕಾದದ್ದರ ಜೊತೆ ಬೇಡದ್ದನ್ನು ಕಟ್ಟಿ ಕೊಡುವುದು ಕಂಪ್ಯೂಟರಿನ ಜೊತೆ ಹುಟ್ಟಿದ ಚಾಳಿಯಲ್ಲ. ಅಡುಗೆ ಅನಿಲದ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲವನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಸರದಿ ಬಂದಾಗ ‘ಒಲೆಯನ್ನೂ ನಮ್ಮಲ್ಲೇ ಕೊಳ್ಳಿ’ ಎಂಬ ಒತ್ತಾಯವನ್ನು ದೇಶದ ಅನೇಕ ಕಡೆ ಗ್ರಾಹಕರು ಎದುರಿಸಿದರು. 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯ್ದೆ ಇಂಥ ಕಟ್ಟುವ್ಯಾಪಾರವನ್ನು ನಿರ್ಬಂಧಕ ಪದ್ಧತಿ ಎಂದು ಪರಿಗಣಿಸಿತು. ಅದರ ಸ್ಥಾನಕ್ಕೆ ಬಂದ 2002ರ ಸ್ಪರ್ಧಾ ಕಾಯ್ದೆಯಲ್ಲೂ ಇದರ ಪ್ರಸ್ತಾಪವಿದೆ.

ಗೊಬ್ಬರದ ಅಂಗಡಿಯ ‘ಲಿಂಕ್’ ರೈತರಿಗೆ ಹೊಸದಲ್ಲ. ಯೂರಿಯಾ ಚೀಲ ಬೇಕಾದರೆ ನ್ಯಾನೊ ಯೂರಿಯಾ ಬಾಟಲಿಯನ್ನೋ ಇನ್ನಾವುದೋ ದ್ರಾವಣವನ್ನೋ ಕೊಳ್ಳಲೇಬೇಕು ಎನ್ನುವುದು. ಈ ದೂರು ಎಷ್ಟು ಬೆಳೆಯಿತೆಂದರೆ 2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ಇದನ್ನು ತಡೆಯುವಂತೆ ಕೋರಿದರು.

ಮಾರುವಾಗ ಇದರ ಇನ್ನೊಂದು ಮುಖ ಕಾಣುತ್ತಿತ್ತು. ದಲಾಲಿಗಳ ಕೈಯಲ್ಲಿ ಫಸಲು ಮಾರುತ್ತಿದ್ದ ದಿನಗಳಲ್ಲಿ ತೂಕದಲ್ಲಿ ಸೂಟು, ಧರ್ಮದ ಹೆಸರಿನಲ್ಲಿ ಒಂದಿಷ್ಟು, ಹಮಾಲಿಗೆ ಒಂದಿಷ್ಟು ಎಂದು ಕೇಳದೆಯೇ ಕಡಿತವಾಗುವುದು ಮಾರುಕಟ್ಟೆಗಳ ವಾಡಿಕೆ. ಬೆಳೆಗಾರರೇ ಸೇರಿ ಕಟ್ಟಿದ ಸಹಕಾರಿ ಮಾರಾಟ ಸಂಘಗಳು ಇಂಥ ವಾಡಿಕೆಗೆ ಉತ್ತರವಾದವು. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿತು. ಅಡಿಕೆ ಟೆಂಡರಿನ ಪದ್ಧತಿಯನ್ನು ನೀವೆಲ್ಲ ಬಲ್ಲಿರಿ. ರಾಶಿಯೋ ಚಾಲಿಯೋ ಬೆಟ್ಟೆಯೋ, ವಿಂಗಡಿಸಿ ಇಡುತ್ತಾರೆ. ವ್ಯಾಪಾರಿಗಳು ದರ ಬರೆಯುತ್ತಾರೆ. ಬೆಳೆಗಾರ ಒಪ್ಪಿದರೆ ಮಾರಾಟ, ಇಲ್ಲದಿದ್ದರೆ ಮಾಲು ಅಲ್ಲೇ ಉಳಿಯುತ್ತದೆ. ಕೈಗೆ ಬರುವ ಪಟ್ಟಿಯಲ್ಲಿ ಕಡಿತದ ಒಂದೊಂದು ಬಾಬೂ ಬೇರೆ ಬೇರೆಯಾಗಿ ಕಾಣುತ್ತದೆ. ಇಲ್ಲಿ ಮೌನವನ್ನು ಸಮ್ಮತಿ ಎಂದು ಬರೆದುಕೊಳ್ಳುವುದಿಲ್ಲ. ತಂತ್ರಾಂಶದ ಕಿಟಕಿಯಿಂದ ನಾವು ಕೇಳುತ್ತಿರುವುದೂ ಇಷ್ಟನ್ನೇ.

ತೋಟಕ್ಕೆ ಬಂದ ಬೆಟ್ಟ

ಹಾಗೆಂದು ಜೊತೆಗೆ ಬಂದದ್ದೆಲ್ಲ ಕೆಟ್ಟದ್ದು ಎಂದರೆ ತಪ್ಪಾದೀತು. ಅದಕ್ಕೆ ನಮ್ಮ ಸೀಮೆಯಲ್ಲೇ ಉತ್ತಮ ನಿದರ್ಶನವಿದೆ. ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬ್ರಿಟಿಷರ ಕಾಲದಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದ ಸವಲತ್ತು ಅಂಟಿಕೊಂಡು ಬಂದಿದೆ. ಒಂದು ಎಕರೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆ ಬೆಟ್ಟ. ಮೂಲವಸ್ತುವಿಗಿಂತ ಒಂಬತ್ತು ಪಟ್ಟು ದೊಡ್ಡ ಕೊಸರು! ಆದರೂ ಯಾರೂ ಅದನ್ನು ಬೇಡದ ಹೊರೆ ಎನ್ನಲಿಲ್ಲ. ಯಾಕೆಂದರೆ ತೋಟ ಬದುಕುವುದು ಬೆಟ್ಟದ ಸೊಪ್ಪಿನಿಂದ. ಹಸಿಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ. ದರಕು ಮಣ್ಣಿಗೆ ಹೊದಿಕೆ. ಸವಲತ್ತಿಗೆ ಷರತ್ತುಗಳೂ ಇವೆ, ಅವು ದಾಖಲೆಯಲ್ಲಿವೆ. ಬೆಟ್ಟ ಸರ್ಕಾರದ್ದು, ಸೊಪ್ಪು ತೋಟದ್ದು, ಮಾರುವಂತಿಲ್ಲ.

ಎಕ್ಸ್‌ಪಿಯ ಜೊತೆ ಬಂದ ‘ತುಂಗಾ’ ತೋಟಕ್ಕೆ ಬಂದ ಬೆಟ್ಟದಂಥದ್ದು. ಹುಡುಕುಪಟ್ಟಿ ಗೊಬ್ಬರಕ್ಕೆ ಕಟ್ಟಿದ ಲಿಂಕಿನಂಥದ್ದು.

ಇವೆರಡರ ನಡುವಿನ ಪ್ರಕರಣವೊಂದಿದೆ, ಅದು ಬೆಳೆ ವಿಮೆ. 2020ರ ಮುಂಗಾರಿಗೆ ಮೊದಲು ಬೆಳೆಸಾಲ ಪಡೆದವರಿಗೆ ವಿಮೆ ಕಡ್ಡಾಯವಾಗಿತ್ತು. ಆಮೇಲೆ ಐಚ್ಛಿಕವಾಯಿತು. ಆದರೆ ಸಾಲ ಪಡೆದವರು ಬೇಡ ಎಂದು ಗಡುವಿಗೆ ಏಳು ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ವಿಮೆ ಸೇರಿಕೊಳ್ಳುತ್ತದೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೂ ಇದೇ ಪದ್ಧತಿ. ಇದೂ ಮೊದಲೇ ಹಾಕಿಟ್ಟ ಸರಿ ಗುರುತೇ. ಕೊಳೆರೋಗ ಬಂದು ಕೊನೆಗೊನೆ ಉದುರಿದ ವರ್ಷ ವಿಮೆ ಇದ್ದದ್ದು ಒಳ್ಳೆಯದಾಯಿತು ಎನ್ನುವವರಿದ್ದಾರೆ. ವಂತಿಗೆ ಕಡಿತವಾದದ್ದೇ ತಿಳಿಯಲಿಲ್ಲ ಎನ್ನುವವರೂ ಇರಬಹುದು. ಗುರುತು ನಮ್ಮ ಹಿತಕ್ಕಾಗಿಯೇ ಇದ್ದರೂ, ಅದು ಇದೆ ಎಂದು ನಮಗೆ ತಿಳಿಸಬೇಕಾದ ಹೊಣೆ ತಪ್ಪುವುದಿಲ್ಲ.

ಹೀಗಾಗಿ ಜೊತೆಗೆ ಬಂದದ್ದನ್ನು ಅಳೆಯಲು ಮೂರು ಪ್ರಶ್ನೆ ಸಾಕು. ಮೂಲವಸ್ತುವಿಗೆ ಇದು ಬೇಕೆ? ಇದೆ ಎಂದು ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ್ದಾರೆಯೆ? ಬೇಡ ಎನ್ನುವುದು ಬೇಕು ಎನ್ನುವಷ್ಟೇ ಸುಲಭವೆ?

ಅಂಗಡಿಯಿಂದಲೇ ತುಂಬಿಸಿಕೊಂಡು

ಈಗ ಕಂಪ್ಯೂಟರಿಗಿಂತ ಮೊಬೈಲಿನ ಕಾಲ. ಇಲ್ಲಿ ಗುರುತು ತೆಗೆಯುವ ಅವಕಾಶವೂ ಎಷ್ಟೋ ಸಲ ಇರುವುದಿಲ್ಲ. ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಗೂಗಲ್ ಕಂಪೆನಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಆಂಡ್ರಾಯ್ಡ್ ಫೋನು ತಯಾರಿಸುವವರು ಗೂಗಲ್‌ನ ಆ್ಯಪ್‌ಗಳ ಇಡೀ ಕಟ್ಟನ್ನು ತುಂಬಲೇಬೇಕು, ಬಳಸುವವರು ತೆಗೆಯಲು ಬಾರದು ಎಂಬ ಷರತ್ತು ಅನ್ಯಾಯದ್ದು ಎಂಬುದು ಅದಕ್ಕಿದ್ದ ಮುಖ್ಯ ಕಾರಣಗಳಲ್ಲೊಂದು. 2023ರ ಮಾರ್ಚ್‌ನಲ್ಲಿ ಕಂಪೆನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಆಯೋಗದ ಕೆಲವು ನಿರ್ದೇಶನಗಳನ್ನು ಬದಿಗಿರಿಸಿದರೂ ದಂಡವನ್ನು ಎತ್ತಿಹಿಡಿಯಿತು. ಐರೋಪ್ಯ ಆಯೋಗ 2018ರಲ್ಲೇ ಇಂಥದೇ ಪ್ರಕರಣದಲ್ಲಿ ಇದೇ ಕಂಪೆನಿಗೆ 434 ಕೋಟಿ ಯೂರೋ ದಂಡ ಹಾಕಿತ್ತು.

ಕಂಪೆನಿಗಳಷ್ಟೇ ಅಲ್ಲ, ಸರ್ಕಾರವೂ ಈ ಪ್ರಶ್ನೆಯನ್ನು ಎದುರಿಸಿತು. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಎಲ್ಲ ಹೊಸ ಮೊಬೈಲುಗಳಲ್ಲಿ ‘ಸಂಚಾರ್ ಸಾಥಿ’ ಆ್ಯಪ್ ಮೊದಲೇ ಇರಬೇಕೆಂದು ಆದೇಶಿಸಿತು. ಕಳೆದ ಫೋನು ಹುಡುಕಲು, ವಂಚನೆ ತಡೆಯಲು ಉಪಯೋಗವಾಗುವ ಆ್ಯಪ್ ಅದು. ಆದರೂ ಕೇಳದೆ ಹಾಕುವುದಕ್ಕೆ ದೇಶಾದ್ಯಂತ ಆಕ್ಷೇಪ ಎದ್ದಿತು. ಡಿಸೆಂಬರ್ 3ರಂದು ಆದೇಶ ವಾಪಸಾಯಿತು. ಬೇಕಾದವರು ತಾವೇ ಹಾಕಿಕೊಳ್ಳಬಹುದು ಎಂಬಲ್ಲಿಗೆ ಮಾತು ನಿಂತಿತು. ಉಪಯುಕ್ತ ವಸ್ತುವಿಗೂ ಒಪ್ಪಿಗೆ ಬೇಕು ಎಂಬುದನ್ನು ಜನ ಐದೇ ದಿನಗಳಲ್ಲಿ ತೋರಿಸಿಕೊಟ್ಟರು.

ಕಾನೂನು ಏನನ್ನುತ್ತದೆ?

ಐರೋಪ್ಯ ಒಕ್ಕೂಟ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದಲ್ಲಿ, ಮೊದಲೇ ಗುರುತು ಹಾಕಿ ಹೆಚ್ಚುವರಿ ಹಣ ವಸೂಲು ಮಾಡಿದರೆ ಗ್ರಾಹಕರು ಅದನ್ನು ವಾಪಸು ಪಡೆಯಬಹುದು ಎಂದು ಹೇಳಿತು. 2019ರ ಅಕ್ಟೋಬರ್ 1ರಂದು ಒಕ್ಕೂಟದ ನ್ಯಾಯಾಲಯ ಇನ್ನೂ ಸ್ಪಷ್ಟವಾಗಿ, ಮೊದಲೇ ಹಾಕಿಟ್ಟ ಗುರುತು ಒಪ್ಪಿಗೆಯೇ ಅಲ್ಲ ಎಂದು ತೀರ್ಪಿತ್ತಿತು. ಜರ್ಮನಿಯ ಲಾಟರಿ ತಾಣವೊಂದರ ವಿರುದ್ಧ ಗ್ರಾಹಕ ಸಂಘಟನೆಗಳು ಹೂಡಿದ್ದ ದಾವೆ ಅದು.

ನಮ್ಮಲ್ಲಿ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ‘ಡಾರ್ಕ್ ಪ್ಯಾಟರ್ನ್’ ಅಂದರೆ ಕಣ್ಕಟ್ಟಿನ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆಯ ಮೋಸಗಳ ಪಟ್ಟಿ ಇದೆ. ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದು, ಒಂದು ಸಿಗಬೇಕಾದರೆ ಇನ್ನೊಂದನ್ನು ಒಪ್ಪುವಂತೆ ಬಲವಂತ ಮಾಡುವುದು ಎರಡೂ ಅದರಲ್ಲಿ ಸೇರಿವೆ.

ಅದೇ ವರ್ಷ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಬಿಡಿಸಿ ಹೇಳುತ್ತದೆ. ಒಪ್ಪಿಗೆ ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ವ್ಯಕ್ತಿ ತಾನಾಗಿ ಮಾಡಿದ ಸ್ಪಷ್ಟ ಕ್ರಿಯೆಯಿಂದ ಬಂದಿರಬೇಕು. ಕಾಯ್ದೆಯಲ್ಲೇ ಒಂದು ದೃಷ್ಟಾಂತವಿದೆ. ದೂರದಿಂದ ವೈದ್ಯಕೀಯ ಸಲಹೆ ಕೊಡುವ ಆ್ಯಪ್ ಒಂದು ಫೋನಿನಲ್ಲಿರುವ ಹೆಸರು, ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ. ಬಳಸುವವರು ಎರಡಕ್ಕೂ ಹೂಂ ಎಂದರೂ, ವೈದ್ಯರ ಸಲಹೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಒಪ್ಪಿಗೆ ಸಲಹೆಗಷ್ಟೇ ಸೀಮಿತ. ತೋಟಕ್ಕೆ ಬೇಕಾದ ಸೊಪ್ಪಿನಷ್ಟೇ ಲೆಕ್ಕ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶ ಅಲ್ಲಿದೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಅನುಸೂಚಿಯಲ್ಲಿ ಕನ್ನಡ ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪೆನಿಗಳ ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಯಿತು. ಈ ಕಾಯ್ದೆ ನಮ್ಮ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು, ತಂತ್ರಾಂಶದ ಕೊಸರಿಗೆಲ್ಲ ಅನ್ವಯವಾಗುತ್ತದೆ ಎಂದಲ್ಲ. ಆದರೆ ಇಂದಿನ ಕೊಸರುಗಳ ಆಸೆ ಇರುವುದೇ ಆ ಮಾಹಿತಿಯ ಮೇಲೆ.

ನಾವೇನು ಮಾಡಬಹುದು?

ಕೊನೆಯದಾಗಿ ಮನೆಗೆ ಒಯ್ಯಬಹುದಾದ ನಾಲ್ಕು ಮಾತು. ತಂತ್ರಾಂಶವನ್ನು ಅದನ್ನು ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳಿ, ಮಧ್ಯವರ್ತಿ ತಾಣಗಳಿಂದ ಬೇಡ. ‘ಎಕ್ಸ್‌ಪ್ರೆಸ್’ ಬಿಟ್ಟು ‘ಕಸ್ಟಮ್’ ದಾರಿಯಲ್ಲಿ ಹೋಗಿ. ತಿಳಿದವರಿಗೆ ಮಾತ್ರ ಎಂದು ಬರೆದಿದ್ದರೂ ಹೆದರಬೇಡಿ, ಅಲ್ಲಿ ಬೇಕಾಗುವುದು ಜ್ಞಾನವಲ್ಲ, ತಾಳ್ಮೆ. ಹೊಸ ಮೊಬೈಲು ತಂದ ದಿನವೇ ಮನೆಯ ಹುಡುಗರನ್ನು ಕೂರಿಸಿಕೊಂಡು ಒಂದೊಂದೇ ಆ್ಯಪ್ ನೋಡಿ, ಬೇಡದ್ದನ್ನು ತೆಗೆಯಿರಿ, ತೆಗೆಯಲು ಬಾರದ್ದನ್ನು ನಿಷ್ಕ್ರಿಯಗೊಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಸಾರಿಗೆ ದಂಡದ ಚಲನ್ ಎಂದೋ ಸರ್ಕಾರಿ ಯೋಜನೆ ಎಂದೋ ಬರುವ ಎಪಿಕೆ ಕಡತವನ್ನು ತೆರೆಯಲೇಬೇಡಿ. ಅದು ಕೊಸರಲ್ಲ, ಕಳ್ಳತನ. ಕೇಳದ ವಸ್ತುವಿಗೆ ಹಣ ಕಡಿತವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಇವೆಲ್ಲ ಒಬ್ಬೊಬ್ಬರೇ ಮಾಡಬಹುದಾದದ್ದು. ಒಟ್ಟಾಗಿ ಮಾಡಬೇಕಾದದ್ದೂ ಇದೆ. ನಮ್ಮ ಸೊಸೈಟಿ, ಬ್ಯಾಂಕು, ಗ್ರಾಮ ಪಂಚಾಯ್ತಿಗಳು ಸದಸ್ಯರಿಂದ ಯಾವ ಒಪ್ಪಿಗೆ ಪಡೆದರೂ ಅದು ಕನ್ನಡದಲ್ಲಿರಲಿ, ಒಂದೊಂದಕ್ಕೂ ಬೇರೆ ಬೇರೆ ಚೌಕವಿರಲಿ, ಚೌಕ ಖಾಲಿ ಇರಲಿ ಎಂದು ಮುಂದಿನ ವಾರ್ಷಿಕ ಸಭೆಯಲ್ಲಿ ಕೇಳಿ. ದೂರದ ಕಂಪೆನಿಗಳಿಗೆ ನಮ್ಮ ಮಾತು ಕೇಳಿಸುವುದು ತಡವಾಗಬಹುದು. ಸೊಸೈಟಿಯ ಸಭೆಯಲ್ಲಿ ಎದ್ದು ನಿಂತರೆ ಅಧ್ಯಕ್ಷರಿಗೆ ಅವತ್ತೇ ಕೇಳಿಸುತ್ತದೆ.